ರೇಡಿಯೊ ಸಾಯಿ: ಜಾಹೀರಾತಿಲ್ಲದ ಒಂದು ಭಕ್ತಿಪ್ರಸಾರವನ್ನು ಕುರಿತು

ಪಾವಗಡದ ನಮ್ಮ ಮನೆಯಲ್ಲಿ ಬೆಳಗಾಗುವುದು ಅಡುಗೆಮನೆಯ ಗೂಡಿನಿಂದ ಬರುವ ಓಂಕಾರದೊಂದಿಗೆ. ಉಪ್ಪಿನ ಭರಣಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಅಮ್ಮ ರೇಡಿಯೊ ಸಾಯಿ ಹಚ್ಚಿ, ದೇವರ ಮನೆಯ ದೀಪಕ್ಕೆ ಬತ್ತಿ ಹೊಸೆಯಲು ಕೂರುತ್ತಾರೆ. ಪುಟ್ಟಪರ್ತಿಯಲ್ಲಿರುವ ಸತ್ಯಸಾಯಿ ಬಾಬಾ ಅವರ ಆಶ್ರಮ ಪ್ರಶಾಂತಿ ನಿಲಯದ ಪದ್ಧತಿಯಂತೆ ಇಪ್ಪತ್ತೊಂದು ಓಂಕಾರ, ಅದು ಮುಗಿದ ಮೇಲೆ ಸುಪ್ರಭಾತ. ಅಮ್ಮನಿಗೆ ಗಡಿಯಾರ ಬೇಕಿಲ್ಲ. ಎಷ್ಟನೆಯ ಓಂಕಾರಕ್ಕೆ ಹಾಲಿನ ಪಾತ್ರೆ ಒಲೆಯ ಮೇಲೇರಬೇಕು ಎಂಬುದು ಅವರಿಗೆ ಅಭ್ಯಾಸವಾಗಿ ಹೋಗಿದೆ. ನಾನು ಸಾಯಿಭಕ್ತನಲ್ಲ, ಅಮ್ಮ ಹೌದು. ಆದರೆ ಒಂದೇ ಮನೆಯಲ್ಲಿದ್ದು ಇಷ್ಟು ವರ್ಷ ಕೇಳಿದವನಿಗೆ, ಈ ಪ್ರಸಾರದ ಗುಣವೇನು, ಇದು ಹೇಗೆ ನಡೆಯುತ್ತದೆ, ಇಂಥ ರೇಡಿಯೊ ನಡೆಸುವುದು ಏಕೆ ಕಷ್ಟ ಎಂಬುದನ್ನು ಬರೆಯಬೇಕೆನ್ನಿಸಿದೆ.

ರೇಡಿಯೊ ಸಾಯಿ ಗ್ಲೋಬಲ್ ಹಾರ್ಮನಿ ಪುಟ್ಟಪರ್ತಿಯಲ್ಲಿ ಆರಂಭವಾದದ್ದು 2001ರ ನವೆಂಬರ್ 23ರಂದು, ಸತ್ಯಸಾಯಿ ಬಾಬಾ ಅವರ ಹುಟ್ಟುಹಬ್ಬದ ದಿನ. ಅದೇ ವರ್ಷದ ಜುಲೈನಲ್ಲಿ ಬೆಂಗಳೂರಿನಲ್ಲಿ ರೇಡಿಯೊ ಸಿಟಿ ಆರಂಭವಾಗಿ ದೇಶದ ಖಾಸಗಿ ಎಫ್‌ಎಂ ಯುಗಕ್ಕೆ ನಾಂದಿ ಹಾಡಿತ್ತು. ಎರಡೂ ರೇಡಿಯೊಗಳೇ ಆದರೂ ಹಿಡಿದ ದಾರಿ ಬೇರೆ ಬೇರೆ. ಒಂದು ನಗರದ ಗೋಪುರದಿಂದ ಜಾಹೀರಾತಿನ ಬಲದಲ್ಲಿ ಹೊರಟಿತು. ಇನ್ನೊಂದು ಜಾಹೀರಾತನ್ನು ಹತ್ತಿರ ಬಿಟ್ಟುಕೊಳ್ಳದೆ, ಬಾಬಾ ಅವರ ಟ್ರಸ್ಟಿನ ಆಶ್ರಯದಲ್ಲಿ, ವರ್ಲ್ಡ್‌ಸ್ಪೇಸ್ ಎಂಬ ಸಂಸ್ಥೆಯ ಉಪಗ್ರಹದ ಮೂಲಕ ಹೊರಟಿತು.

ವರ್ಲ್ಡ್‌ಸ್ಪೇಸ್‌ನ ಕಥೆ ಈಗಿನ ಹುಡುಗರಿಗೆ ಗೊತ್ತಿರಲಾರದು. ನೋವಾ ಸಮಾರಾ 1990ರಲ್ಲಿ ಸ್ಥಾಪಿಸಿದ ಆ ಸಂಸ್ಥೆ 1998ರಲ್ಲಿ ಆಫ್ರಿಸ್ಟಾರ್, 2000ದಲ್ಲಿ ಏಷ್ಯಾಸ್ಟಾರ್ ಎಂಬ ಉಪಗ್ರಹಗಳನ್ನು ಹಾರಿಸಿತು. ಅದರ ಭಾರತದ ಕಚೇರಿ ಇದ್ದದ್ದು ಬೆಂಗಳೂರಿನಲ್ಲಿ. ಅದರ ರಿಸೀವರನ್ನು ನಾನು ಮೊದಲು ಕಂಡದ್ದು ನಮ್ಮೂರಿನ ಭಜನಾ ಮಂಡಳಿಯಲ್ಲಿ. ಸಾಧಾರಣ ಟ್ರಾನ್ಸಿಸ್ಟರಿನಷ್ಟೇ ದೊಡ್ಡದು, ಅದರ ಜೊತೆಗೆ ಅಂಗೈಯಗಲದ ಚಪ್ಪಟೆ ಆಂಟೆನಾ. ಏಷ್ಯಾಸ್ಟಾರ್ ಇದ್ದದ್ದು 105 ಡಿಗ್ರಿ ಪೂರ್ವ ರೇಖಾಂಶದ ಮೇಲೆ, ಆದ್ದರಿಂದ ಆಂಟೆನಾವನ್ನು ಪೂರ್ವದಿಂದ ತುಸು ದಕ್ಷಿಣಕ್ಕೆ ವಾಲಿಸಿ ಆಕಾಶದತ್ತ ಎತ್ತಿ ಹಿಡಿಯಬೇಕಿತ್ತು. ಮಂಡಳಿಯ ಹಿರಿಯರೊಬ್ಬರು ಕಿಟಕಿಯ ಸರಳಿಗೆ ಅದನ್ನು ನೂಲಿನಿಂದ ಕಟ್ಟಿ, ಕೆಳಗೊಂದು ಬೆಂಕಿಪೆಟ್ಟಿಗೆ ಒತ್ತುಕೊಟ್ಟು, ಆ ಬೆಂಕಿಪೆಟ್ಟಿಗೆಯನ್ನು ಯಾರೂ ಮುಟ್ಟಬಾರದು ಎಂದು ಗೋಡೆಯ ಮೇಲೆ ಬರೆದಿದ್ದರು. ಒಮ್ಮೆ ಕೋನ ಕೂಡಿಬಂದರೆ ಕರಕರ ಸದ್ದಿಲ್ಲ, ಗಾಳಿಯ ಏರಿಳಿತವಿಲ್ಲ. ಮೀಡಿಯಂ ವೇವಿನಲ್ಲಿ ಬೆಂಗಳೂರು ಕೇಂದ್ರವನ್ನು ತಡಕಾಡಿ ಹಿಡಿಯುತ್ತಿದ್ದ ನಮಗೆ ಆ ಸ್ಪಷ್ಟತೆ ಬೆರಗು ಹುಟ್ಟಿಸಿತ್ತು.

ಆದರೆ ಆಕಾಶದ ಆ ದಾರಿ ಪ್ರಸಾರ ಮಾಡುವವರ ಸ್ವಂತದ್ದಾಗಿರಲಿಲ್ಲ. ವರ್ಲ್ಡ್‌ಸ್ಪೇಸ್ 2008ರ ಅಕ್ಟೋಬರಿನಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ದಿವಾಳಿ ಅರ್ಜಿ ಹಾಕಿತು; 2009ರ ಡಿಸೆಂಬರ್ 31ಕ್ಕೆ ಭಾರತದಲ್ಲಿ ಅದರ ಸೇವೆ ನಿಂತಿತು. ಬೇರೆ ಯಾವ ತರಂಗವನ್ನೂ ಹಿಡಿಯಲಾರದ ಉಪಗ್ರಹ ಆಂಟೆನಾಗಳು ದೇಶದ ತುಂಬ ಅಂದಿನಿಂದ ನಿರುಪಯುಕ್ತವಾದವು. ರೇಡಿಯೊ ಸಾಯಿ ಉಳಿದುಕೊಂಡದ್ದು ಅಂತರ್ಜಾಲದ ಪ್ರಸಾರವನ್ನು ಬೆಳೆಸಿಕೊಂಡದ್ದರಿಂದ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಧಾರ್ಮಿಕ ರೇಡಿಯೊಗಳ ಕಷ್ಟವೆಂದರೆ ಜನರಲ್ಲಿ ಭಕ್ತಿ ಕಡಿಮೆಯಾಗಿರುವುದು ಎಂದು ಹಲವರು ಭಾವಿಸುತ್ತಾರೆ. ನಾನು ಕಂಡಂತೆ ಮೊದಲ ಕಷ್ಟ ಅದಲ್ಲ. ಕೇಳುಗನ ಕಿವಿಗೆ ತಲುಪುವ ದಾರಿ ಸದಾ ಇನ್ನೊಬ್ಬರ ಕೈಯಲ್ಲಿರುತ್ತದೆ, ಆ ದಾರಿ ಬದಲಾದಾಗ ಹಳೆಯ ಕೇಳುಗನನ್ನು ಹೊಸ ದಾರಿಗೆ ಕೈಹಿಡಿದು ಕರೆತರುವುದೇ ದೊಡ್ಡ ಕಷ್ಟ.

ಇದು ಒಂದು ಧರ್ಮದ, ಒಂದು ಸಂಸ್ಥೆಯ ಅನುಭವವಲ್ಲ. ಬೆಂಗಳೂರಿನಲ್ಲಿ ನೆಲೆಯಿದ್ದ ಫೆಬಾ ಎಂಬ ಕ್ರೈಸ್ತ ಪ್ರಸಾರ ಸಂಸ್ಥೆಯ ಕಾರ್ಯಕ್ರಮಗಳು 1970ರಿಂದ ಹಿಂದೂ ಮಹಾಸಾಗರದ ಸೆಶೆಲ್ಸ್ ದ್ವೀಪದಿಂದ ಶಾರ್ಟ್‌ವೇವಿನಲ್ಲಿ ಬರುತ್ತಿದ್ದವು. 2003ರಲ್ಲಿ ಆ ಕೇಂದ್ರ ಮುಚ್ಚಿತು. ಮಾರ್ಕೋನಿಯೇ ನಿಂತು ಕಟ್ಟಿಕೊಟ್ಟ, 1931ರಿಂದ ನಡೆದುಬಂದ ವ್ಯಾಟಿಕನ್ ರೇಡಿಯೊ ಕೂಡ 2009ರಲ್ಲಿ ಮೊದಲ ಬಾರಿಗೆ ಜಾಹೀರಾತಿಗೆ ಒಪ್ಪಬೇಕಾಯಿತು, 2012ರಲ್ಲಿ ಯುರೋಪು ಮತ್ತು ಅಮೆರಿಕ ಖಂಡಗಳಿಗೆ ಶಾರ್ಟ್‌ವೇವ್ ಪ್ರಸಾರವನ್ನು ನಿಲ್ಲಿಸಬೇಕಾಯಿತು. ಒಂದು ಚರ್ಚಿನ ಪೂರ್ತಿ ಬೆಂಬಲವಿದ್ದ ಕೇಂದ್ರಕ್ಕೇ ಖರ್ಚಿನ ಚಿಂತೆ ತಪ್ಪಲಿಲ್ಲ ಎಂದರೆ ಉಳಿದವರ ಪಾಡನ್ನು ಊಹಿಸಬಹುದು.

ಹಾಗಾದರೆ ಎಫ್‌ಎಂ ಏಕಿಲ್ಲ ಎಂದು ಅಮ್ಮ ಹಲವು ಸಲ ಕೇಳಿದ್ದಾರೆ. ಟಿವಿಯಲ್ಲಿ ಭಕ್ತಿ ವಾಹಿನಿಗಳು ಬೇಕಾದಷ್ಟಿವೆ; ತಿರುಮಲ ತಿರುಪತಿ ದೇವಸ್ಥಾನದ ಎಸ್‌ವಿಬಿಸಿ 2008ರಲ್ಲಿ ಶುರುವಾಗಿ 2021ರಲ್ಲಿ ಕನ್ನಡದಲ್ಲೂ ಬಂತು. ರೇಡಿಯೊದಲ್ಲಿ ಹಾಗಿಲ್ಲ. ಕೇಂದ್ರ ಸರ್ಕಾರದ 2011ರ ಎಫ್‌ಎಂ ಮೂರನೆಯ ಹಂತದ ನೀತಿಯ ಪ್ರಕಾರ ಧಾರ್ಮಿಕ ಸಂಸ್ಥೆಗಳಾಗಲಿ, ಅವುಗಳ ಹಿಡಿತದಲ್ಲಿರುವ ಕಂಪನಿಗಳಾಗಲಿ ಎಫ್‌ಎಂ ಪರವಾನಗಿಗೆ ಅರ್ಜಿ ಹಾಕುವಂತಿಲ್ಲ. ಆದ್ದರಿಂದ ಮಠವೋ ಆಶ್ರಮವೋ ಚರ್ಚೋ ದರ್ಗಾವೋ ಊರಿಗೊಂದು ಗೋಪುರ ಕಟ್ಟಿ ತನ್ನ ಪ್ರಸಾರ ನಡೆಸುವ ಪ್ರಶ್ನೆಯೇ ಏಳುವುದಿಲ್ಲ. ಈ ನಿರ್ಬಂಧ ಸರಿಯೆಂದೇ ನನ್ನ ಭಾವನೆ. ಹತ್ತೂರಿಗೆ ಕೇಳುವ ಗಾಳಿಯನ್ನು ಒಂದೊಂದು ಮತಕ್ಕೆ ಹಂಚಿಕೊಡಲು ಹೊರಟರೆ ನೆರೆಹೊರೆ ಕೆಡುತ್ತದೆ. ಆದರೆ ಅದರ ಪರಿಣಾಮವೂ ಕಾಣುವಂತಿದೆ. ಖಾಸಗಿ ಎಫ್‌ಎಂ ಕೇಂದ್ರಗಳು ನಸುಕಿನಲ್ಲಿ ಭಕ್ತಿಗೀತೆ ಹಾಕುತ್ತವೆ, ಆಫೀಸಿಗೆ ಹೊರಡುವವರ ಕಾರುಗಳು ರಸ್ತೆಗಿಳಿಯುವ ಹೊತ್ತಿಗೆ ಸಿನಿಮಾ ಹಾಡಿಗೆ ಮರಳುತ್ತವೆ. ಜಾಹೀರಾತಿನ ದರ ಏರುವುದು ಆಗಲೇ. ಅಮ್ಮನಂಥವರ ಪೂಜೆ ಪೂರ್ತಿಯಾಗುವ ಮೊದಲೇ ಅವರ ಪಾಲಿನ ರೇಡಿಯೊ ಮುಗಿದುಹೋಗಿರುತ್ತದೆ.

ಆಕಾಶವಾಣಿಯ ಬೆಳಗಿನ ಭಕ್ತಿಸಂಗೀತ ಮತ್ತು ಚಿಂತನವನ್ನು ಇಲ್ಲಿ ನೆನೆಯದಿದ್ದರೆ ತಪ್ಪಾಗುತ್ತದೆ. ಒಂದು ವಚನ, ಒಂದು ದಾಸರ ಪದ, ಒಂದು ತತ್ತ್ವಪದ, ನಡುವೆ ಒಂದು ಕ್ರೈಸ್ತ ಭಕ್ತಿಗೀತೆ, ಹೀಗೆ ಎಲ್ಲರ ದೇವರೂ ಒಂದೇ ಜಗಲಿಯ ಮೇಲೆ ಕೂತಂತೆ ಇರುವ ಆ ಹೊತ್ತನ್ನು ಯಾವ ಒಂದು ಪಂಥದ ರೇಡಿಯೊವೂ ಕೊಡಲಾರದು. ಅದಕ್ಕೆ ಸರ್ಕಾರದ ಹಣವಿದೆ, ಅದರ ಹೊಣೆಯೂ ಬೇರೆ. ಒಂದೇ ಗುರುವಿನ ವಾಣಿಯನ್ನು ಇಡೀ ದಿನ ಕೇಳಬಯಸುವವರಿಗೆ ಅದು ಸಾಲದು ಎಂಬುದೂ ನಿಜ.

ಈಗ ಹಣದ ವಿಷಯ. ಈ ಪ್ರಸಾರದಲ್ಲಿ ನನಗೆ ಅತ್ಯಂತ ಗೌರವ ಮೂಡಿಸಿದ ಸಂಗತಿಯೆಂದರೆ ಭಜನೆಯ ನಡುವೆ ಜಾಹೀರಾತು ಇಲ್ಲದಿರುವುದು. ಇದು ಸಣ್ಣ ಮಾತಲ್ಲ ಎಂದು ನನಗೆ ಅರ್ಥವಾದದ್ದು ನನ್ನ ಚಿಕ್ಕಮ್ಮನ ಒಂದು ಅನುಭವದಿಂದ. ಕೆಲವು ವರ್ಷಗಳ ಹಿಂದೆ ಅವರು ಮೊಬೈಲಿನಲ್ಲಿ ಬೇರೊಂದು ಭಕ್ತಿ ರೇಡಿಯೊ ಕೇಳುತ್ತಿದ್ದರು. ಅದರ ಹೆಸರು ಇಲ್ಲಿ ಬೇಡ. ಮೊದಮೊದಲು ಒಳ್ಳೆಯ ಸ್ತೋತ್ರಗಳೇ ಬರುತ್ತಿದ್ದವು. ಬರಬರುತ್ತಾ ಎರಡು ಸ್ತೋತ್ರಗಳ ನಡುವೆ ಒಬ್ಬ ಜ್ಯೋತಿಷಿಯ ಮಾತು, ಆಮೇಲೆ ತಾಮ್ರದ ಯಂತ್ರದ ಮಾರಾಟ, ಆಮೇಲೆ ದೋಷ ಪರಿಹಾರದ ಪೂಜೆಗೆ ಹೆಸರು ನೋಂದಾಯಿಸಿ ಎಂಬ ಕರೆ ಶುರುವಾದವು. ಮಗನ ಮದುವೆ ತಡವಾಗುತ್ತಿದೆ ಎಂಬ ಸಂಕಟದಲ್ಲಿದ್ದ ಚಿಕ್ಕಮ್ಮ ಎರಡು ಸಲ ಹಣ ಕಳಿಸಿದರು. ಪ್ರಸಾದ ಬರಲಿಲ್ಲ, ಕರೆ ಮಾಡಿದರೆ ಎತ್ತುವವರಿರಲಿಲ್ಲ. ಅವರಿಗೆ ಹಣ ಹೋದದ್ದಕ್ಕಿಂತ, ಲಲಿತಾ ಸಹಸ್ರನಾಮ ಕೇಳುತ್ತಿದ್ದ ಬಾಯಿಂದಲೇ ಮೋಸದ ಮಾತು ಕೇಳಿದೆನಲ್ಲ ಎಂಬ ನೋವು ದೊಡ್ಡದಾಗಿತ್ತು. ಕೇಳುಗನಿಂದ ಏನನ್ನೂ ಪಡೆಯದ ಭಕ್ತಿ ರೇಡಿಯೊ ಖರ್ಚು ತೂಗಿಸಲು ಜಾಹೀರಾತಿಗೆ ಹೋದರೆ, ಅದರ ಬಾಗಿಲಿಗೆ ಮೊದಲು ಬರುವವರು ಭಯವನ್ನು ಮಾರುವವರೇ. ಸಾಬೂನು ಕಂಪನಿಗೆ ಎಪ್ಪತ್ತು ದಾಟಿದ ಕೇಳುಗರಲ್ಲಿ ಆಸಕ್ತಿಯಿಲ್ಲ; ದೋಷ ಪರಿಹಾರ ಮಾರುವವರಿಗೆ ಇದೆ.

ಬೇರೆ ದಾರಿಯೊಂದನ್ನು ಅಮೆರಿಕದಲ್ಲಿ ಕಾಣಬಹುದು. ಅಲ್ಲಿ ಕೆ-ಲವ್ ಎಂಬ ಕ್ರೈಸ್ತ ಸಂಗೀತದ ಜಾಲವಿದೆ. 1982ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ರೋಸಾದಲ್ಲಿ ಒಂದು ಕೇಂದ್ರವಾಗಿ ಶುರುವಾದದ್ದು ಇಂದು ದೇಶದುದ್ದಕ್ಕೂ ನೂರಾರು ಪ್ರಸಾರ ಕೇಂದ್ರಗಳಿಗೆ ಹಬ್ಬಿದೆ. ಜಾಹೀರಾತಿಲ್ಲ, ಕೇಳುಗರು ತಿಂಗಳಿಗಿಷ್ಟು ಎಂದು ಕಾಣಿಕೆ ಕೊಡುತ್ತಾರೆ, ವರ್ಷಕ್ಕೆ ಒಂದೆರಡು ಬಾರಿ ಕೇಂದ್ರವೇ ಕೆಲವು ದಿನ ಹಾಡು ಕಡಿಮೆ ಮಾಡಿ ಕಾಣಿಕೆ ಕೇಳುತ್ತದೆ. ಅದೇ ದೇಶದ ಸೇಲಂ ಮೀಡಿಯಾ ಲಾಭಕ್ಕಾಗಿ ನಡೆಯುವ ಕಂಪನಿ; ಬೋಧಕರಿಗೆ ಪ್ರಸಾರದ ಹೊತ್ತನ್ನು ಮಾರುವುದು ಮತ್ತು ಜಾಹೀರಾತು ಅದರ ದಾರಿ. ಕೊನೆಗೆ 2024ರ ಡಿಸೆಂಬರಿನಲ್ಲಿ ಸೇಲಂ ತನ್ನ ಏಳು ಸಂಗೀತ ಕೇಂದ್ರಗಳನ್ನು ಕೆ-ಲವ್ ನಡೆಸುವ ಸಂಸ್ಥೆಗೇ 8 ಕೋಟಿ ಡಾಲರಿಗೆ ಮಾರುವುದಾಗಿ ಪ್ರಕಟಿಸಿತು. ಕಾಣಿಕೆಯಿಂದ ನಡೆಯುವ ರೇಡಿಯೊ ಜಾಹೀರಾತಿನಿಂದ ನಡೆಯುವ ರೇಡಿಯೊವನ್ನು ಕೊಂಡುಕೊಂಡಿತು ಎಂಬುದು ಯೋಚಿಸಬೇಕಾದ ಸಂಗತಿ. ಆ ದಾರಿಗೂ ತನ್ನದೇ ತೊಡಕಿದೆ. ಕಾಣಿಕೆ ಕೊಡಬಲ್ಲವರು ಯಾರು ಎಂದು ಹುಡುಕಿದ ಅಲ್ಲಿನ ಕ್ರೈಸ್ತ ಸಂಗೀತ ರೇಡಿಯೊದವರು ಮಕ್ಕಳಿರುವ, ಕಾರು ಓಡಿಸುವ ಮಧ್ಯವಯಸ್ಸಿನ ಗೃಹಿಣಿಯೊಬ್ಬಳನ್ನು ಕಲ್ಪಿಸಿಕೊಂಡು ಅವಳಿಗೆ ಬೆಕಿ ಎಂದು ಹೆಸರನ್ನೂ ಇಟ್ಟರು; ಬೆಕಿಗೆ ಒಗ್ಗದ ಹಾಡು ಪ್ರಸಾರವಾಗುವುದು ಕಷ್ಟವಾಯಿತು. ದುಃಖದ ಹಾಡು, ಪ್ರಶ್ನೆ ಕೇಳುವ ಹಾಡು ಎಲ್ಲವೂ ಹಿಂದೆ ಸರಿದವು. ನಮ್ಮ ದಾಸರಲ್ಲಿ ದೇವರನ್ನು ನಿಂದಿಸುವ ಪದಗಳೇ ಎಷ್ಟಿವೆ! ಅವನ್ನೆಲ್ಲ ಒಬ್ಬ ಬೆಕಿಗಾಗಿ ಬದಿಗಿಟ್ಟರೆ ಭಕ್ತಿಯಲ್ಲಿ ಉಳಿಯುವುದು ಬೆಲ್ಲದ ನೀರು ಮಾತ್ರ.

ರೇಡಿಯೊ ಸಾಯಿಗೆ ಈ ಎರಡೂ ಒತ್ತಡಗಳಿಲ್ಲ, ಅದರ ಹಿಂದೆ ಒಂದು ದೊಡ್ಡ ಟ್ರಸ್ಟ್ ಇದೆ. ಇನ್ನೊಂದು ಅನುಕೂಲವೂ ಇದೆ, ಅದನ್ನು ಹೊರಗಿನವರು ಗಮನಿಸುವುದು ಕಡಿಮೆ. ಪುರಂದರದಾಸರ ಪದಕ್ಕೆ ಹಕ್ಕುಸ್ವಾಮ್ಯವಿಲ್ಲ, ಆದರೆ ಅದನ್ನು ಹಾಡಿ ಮುದ್ರಿಸಿದ ಧ್ವನಿಮುದ್ರಿಕೆಗೆ ನಮ್ಮ ಕಾನೂನಿನಲ್ಲಿ 60 ವರ್ಷ ಹಕ್ಕಿದೆ. ಹೆಸರಾಂತ ಗಾಯಕರ ಭಕ್ತಿಗೀತೆಗಳ ಹಕ್ಕು ಕ್ಯಾಸೆಟ್ ಕಾಲದಿಂದಲೂ ಸಂಗೀತ ಕಂಪನಿಗಳ ಬಳಿಯಿದೆ. ಸಣ್ಣ ಭಕ್ತಿ ರೇಡಿಯೊ ನಡೆಸಲು ಹೊರಟವನು ಮೊದಲು ಎಡವುವುದು ಇಲ್ಲೇ. ಪ್ರಶಾಂತಿ ನಿಲಯದಲ್ಲಾದರೋ ಸಾಯಿಕುಲ್ವಂತ್ ಸಭಾಂಗಣದಲ್ಲಿ ದಿನಕ್ಕೆ ಎರಡು ಹೊತ್ತು ಭಜನೆ ನಡೆಯುತ್ತದೆ, ಹಾಡುವವರು ಅಲ್ಲಿನ ವಿದ್ಯಾರ್ಥಿಗಳು ಮತ್ತು ಭಕ್ತರು. ಹಾಡೂ ಧ್ವನಿಯೂ ಮನೆಯದ್ದೇ. ದಶಕಗಳ ಪ್ರವಚನಗಳ ಧ್ವನಿಮುದ್ರಣವೂ ಮನೆಯಲ್ಲೇ ಇದೆ. ಕೇಳುವಾಗ ಇದರ ಲಾಭ ಗೊತ್ತಾಗುತ್ತದೆ: ಸ್ಟುಡಿಯೋದ ನುಣುಪಿಲ್ಲದ, ಒಬ್ಬರು ಹೇಳಿಕೊಟ್ಟು ನೂರಾರು ಜನ ಹೇಳುವ, ಕೊನೆಗೆ ಲಯ ಏರಿ ಚಪ್ಪಾಳೆ ಕೂಡಿಕೊಳ್ಳುವ ಆ ಗುಂಪಿನ ಧ್ವನಿಯನ್ನು ಯಾವ ಕಂಪನಿಯ ಧ್ವನಿಮುದ್ರಿಕೆಯೂ ಕೊಡುವುದಿಲ್ಲ. ಒಬ್ಬಂಟಿಯಾಗಿ ಕೂತು ಕೇಳುವ ವೃದ್ಧರಿಗೆ ಅದು ಜನರ ನಡುವೆ ಕೂತಂತೆಯೇ.

ಕೇಳುವ ಬಗೆಯನ್ನೂ ಹೇಳಿಬಿಡುತ್ತೇನೆ. ಸೆಕೆಂಡಿಗೆ 64 ಕಿಲೋಬಿಟ್ ವೇಗದ ಯಾವುದೇ ಧ್ವನಿಪ್ರಸಾರ ಗಂಟೆಗೆ ಸುಮಾರು 29 ಎಂಬಿ ಡೇಟಾ ಬಳಸುತ್ತದೆ. ದಿನಕ್ಕೆ ನಾಲ್ಕು ಗಂಟೆ ಕೇಳಿದರೂ ಈಗಿನ ಸಾಮಾನ್ಯ ರೀಚಾರ್ಜಿನಲ್ಲಿ ಅದು ಭಾರವಲ್ಲ. ನಿಜವಾದ ಭಾರ ಮೊಬೈಲಿನದು. ಟ್ರಾನ್ಸಿಸ್ಟರಿಗೆ ಒಂದು ಗುಂಡಿ, ಒಂದು ತಿರುಗಣೆ ಸಾಕಿತ್ತು. ಮೊಬೈಲಿನಲ್ಲಿ ಬೀಗ ತೆಗೆಯಬೇಕು, ಚಿಹ್ನೆ ಹುಡುಕಬೇಕು, ನಡುವೆ ಕರೆ ಬಂದರೆ ನಿಂತ ಪ್ರಸಾರವನ್ನು ಮತ್ತೆ ಹಚ್ಚಬೇಕು. ಅಮ್ಮನ ಮೊಬೈಲಿನ ಮೊದಲ ಪರದೆಯಲ್ಲಿ ಆ ಒಂದು ಚಿಹ್ನೆಯನ್ನು ಮಾತ್ರ ಉಳಿಸಿ ಮಿಕ್ಕಿದ್ದೆಲ್ಲವನ್ನೂ ಹಿಂದಿನ ಪರದೆಗೆ ತಳ್ಳಿದ್ದೇನೆ, ಧ್ವನಿ ದೊಡ್ಡದಾಗಲೆಂದು ಒಂದು ಬ್ಲೂಟೂತ್ ಸ್ಪೀಕರ್ ಜೋಡಿಸಿದ್ದೇನೆ. ಸರೆಗಮ ಕಂಪನಿ 2017ರಲ್ಲಿ ಹಳೆಯ ರೇಡಿಯೊದ ರೂಪದಲ್ಲಿ ತಂದ, ಐದು ಸಾವಿರ ಹಾಡುಗಳನ್ನು ತುಂಬಿದ ಕಾರವಾನ್ ಪೆಟ್ಟಿಗೆ ಹಿರಿಯರಿಗೆ ಏಕೆ ಅಷ್ಟು ಹಿಡಿಸಿತು ಎಂದು ಬಲ್ಲವರಿಗೆ ಇದು ಅರ್ಥವಾಗುತ್ತದೆ. ಆ ವಯಸ್ಸಿನವರಿಗೆ ಬೇಕಾದದ್ದು ಒಂದೇ ಗುಂಡಿ. ಅಂತರ್ಜಾಲದ ಭಕ್ತಿ ರೇಡಿಯೊ ನಡೆಸುವ ಯಾರೇ ಆಗಲಿ, ಒಂದೇ ಗುಂಡಿಯ ಅಗ್ಗದ ಪೆಟ್ಟಿಗೆಯೊಂದನ್ನು ಮಾಡಿಸಿಕೊಟ್ಟರೆ, ದಾರಿ ಬದಲಾದಾಗ ಬಿಟ್ಟುಹೋದ ಕೇಳುಗರಲ್ಲಿ ಅನೇಕರು ಮರಳಿ ಬರುತ್ತಾರೆ ಎಂದು ನಾನು ದೃಢವಾಗಿ ನಂಬುತ್ತೇನೆ.

ಕೇಳುಗರ ಲೆಕ್ಕವೂ ಇಂಥ ರೇಡಿಯೊಗಳಿಗೆ ನ್ಯಾಯ ಒದಗಿಸುವುದಿಲ್ಲ. ಬೆಂಗಳೂರು ಸೇರಿದಂತೆ ನಾಲ್ಕು ಮಹಾನಗರಗಳಲ್ಲಿ ಎಫ್‌ಎಂ ಕೇಳುಗರನ್ನು ಡೈರಿ ಬರೆಸಿ ಎಣಿಸುವ ಪದ್ಧತಿಯಿತ್ತು. ಪಾವಗಡದಂಥ ಊರು ಅದರಲ್ಲಿ ಬರುವ ಮಾತೇ ಇರಲಿಲ್ಲ. ಅಂತರ್ಜಾಲದಲ್ಲಿ ಎಣಿಸುವುದು ಸಂಪರ್ಕಗಳನ್ನು. ಗುರುವಾರ ಸಂಜೆ ನಮ್ಮ ಮನೆಯ ಜಗಲಿಯಲ್ಲಿ ಏಳೆಂಟು ಹೆಂಗಸರು ಆ ಒಂದು ಸ್ಪೀಕರಿನ ಸುತ್ತ ಕೂತು ತಾವೂ ಹಾಡುತ್ತಾರೆ, ಲೆಕ್ಕಕ್ಕೆ ಸಿಗುವುದು ಒಂದು. ಬೇರೆಡೆ ಯಾರೋ ಹಚ್ಚಿಟ್ಟು ಮರೆತು ಹೊರಗೆ ಹೋದ ಮೊಬೈಲೂ ಒಂದೇ. ಜಾಹೀರಾತಿನವರಿಗಾಗಲಿ ದಾನಿಗಳಿಗಾಗಲಿ ಸಂಖ್ಯೆ ತೋರಿಸಬೇಕಾದ ಕೇಂದ್ರಕ್ಕೆ ಈ ವ್ಯತ್ಯಾಸ ಬಹಳ ದೊಡ್ಡದು.

ಇನ್ನು ನನ್ನ ಆಕ್ಷೇಪ. ಈ ಪ್ರಸಾರ ಮಾತನಾಡುವುದು ಹೆಚ್ಚಾಗಿ ಆಗಲೇ ಭಕ್ತರಾದವರೊಂದಿಗೆ. ಒಂದು ಘಟನೆಯನ್ನು ಹೇಳುವಾಗ ಕೇಳುವವನಿಗೆ ಹಿಂದಿನದೆಲ್ಲ ಗೊತ್ತಿದೆ ಎಂದೇ ಭಾವಿಸಲಾಗುತ್ತದೆ. ಸುಮ್ಮನೆ ಕಿವಿಗೊಟ್ಟ ನನ್ನಂಥವನು ಬಾಗಿಲಲ್ಲೇ ನಿಲ್ಲುತ್ತಾನೆ. 2011ರ ಏಪ್ರಿಲ್ 24ರಂದು ಬಾಬಾ ತೀರಿಕೊಂಡ ಮೇಲೆ ಹುಟ್ಟಿದ ಮಕ್ಕಳು ಈಗ ಹೈಸ್ಕೂಲಿನಲ್ಲಿದ್ದಾರೆ. ಆ ಮಕ್ಕಳು ಬಾಬಾ ಅವರನ್ನು ಕಂಡವರಲ್ಲ, ನೇರವಾಗಿ ಕೇಳಿದವರಲ್ಲ. ಅವರಿಗೆ ಟ್ರಸ್ಟಿನ ಕುಡಿಯುವ ನೀರಿನ ಯೋಜನೆಯ ಕಥೆಯಿಂದಲೋ, ಹಣ ಕಟ್ಟಿಸಿಕೊಳ್ಳದೆ ಚಿಕಿತ್ಸೆ ಕೊಡುವ ವೈಟ್‌ಫೀಲ್ಡಿನ ಆಸ್ಪತ್ರೆಯ ಕಥೆಯಿಂದಲೋ ಶುರುಮಾಡಿ ಹೇಳಿದರೆ ಅವರು ಕಿವಿಗೊಡುತ್ತಾರೆ. ನನ್ನ ಮಗಳು ಒಮ್ಮೆ ವೇದಘೋಷ ಕೇಳುತ್ತ ನಿಂತವಳು, ಈ ಸ್ವರ ಒಮ್ಮೆ ಮೇಲೆ ಒಮ್ಮೆ ಕೆಳಗೆ ಏಕೆ ಹೋಗುತ್ತದೆ ಎಂದು ಕೇಳಿದಳು. ಉದಾತ್ತ ಅನುದಾತ್ತ ಎಂದು ನಾನು ನನಗೆ ತಿಳಿದಷ್ಟು ಹೇಳಿದೆ. ಆ ಪ್ರಶ್ನೆಗೆ ಉತ್ತರ ಹೇಳುವ ಹದಿನೈದು ನಿಮಿಷದ ಕಾರ್ಯಕ್ರಮವನ್ನು ಅವಳು ಪೂರ್ತಿ ಕೇಳುತ್ತಿದ್ದಳು.

ಭಾಷೆಯ ಮಾತು ನಮ್ಮ ಗಡಿಭಾಗದಲ್ಲಿ ಇನ್ನೂ ಹತ್ತಿರದ್ದು. ಪ್ರವಚನಗಳು ತೆಲುಗಿನಲ್ಲಿವೆ, ಜೊತೆಯಲ್ಲಿ ಇಂಗ್ಲಿಷ್ ಅನುವಾದ ಬರುತ್ತದೆ. ಮೂರು ದಿಕ್ಕಿಗೂ ಆಂಧ್ರವೇ ಇರುವ ಪಾವಗಡದಲ್ಲಿ ತೆಲುಗು ಅರ್ಥವಾಗದವರು ಕಡಿಮೆ, ಪೆನುಕೊಂಡದ ಮೇಲೆ ಹೋದರೆ ಪುಟ್ಟಪರ್ತಿಯೂ ದೂರವಲ್ಲ. ಆದರೆ ಸಿರಾ ದಾಟಿದ ಮೇಲೆ, ತಿಪಟೂರಿನಲ್ಲಿ, ಹಾಸನದಲ್ಲಿ, ಶಿವಮೊಗ್ಗದಲ್ಲಿ ಇರುವ ವಯಸ್ಸಾದ ಕೇಳುಗರಿಗೆ ತೆಲುಗೂ ಬಾರದು, ಇಂಗ್ಲಿಷೂ ಸಾಲದು. ಭಜನೆಗೆ ಭಾಷೆ ಅಡ್ಡಿಯಾಗುವುದಿಲ್ಲ, ಪ್ರವಚನಕ್ಕೆ ಆಗುತ್ತದೆ. ಬೆಂಗಳೂರಿನ ವೈಟ್‌ಫೀಲ್ಡಿನ ಬೃಂದಾವನ ಆಶ್ರಮದಲ್ಲಿ ಬೇಸಿಗೆಯ ತಿಂಗಳುಗಳನ್ನು ಕಳೆಯುತ್ತಿದ್ದ ಗುರುವಿನ ವಾಣಿಗೆ ಕನ್ನಡದ ಅನುವಾದವನ್ನು ದಿನಕ್ಕೆ ಒಂದು ಗಂಟೆ, ಗೊತ್ತಾದ ಒಂದೇ ಹೊತ್ತಿಗೆ ತಪ್ಪದೆ ಕೊಡುವಷ್ಟು ಕನ್ನಡ ಬಲ್ಲ ಭಕ್ತರಿಗೆ ಕೊರತೆಯಿಲ್ಲ. ವ್ಯಾಟಿಕನ್ ನ್ಯೂಸ್ ಜಾಲತಾಣದಲ್ಲಿಯೇ ಕನ್ನಡ ವಿಭಾಗ ಇರುವಾಗ, ನಮ್ಮ ಗಡಿಯ ಆಚೆಗೇ ಇರುವ ಪುಟ್ಟಪರ್ತಿಯಿಂದ ಇದನ್ನು ಕೇಳುವುದು ಹೆಚ್ಚೇನಲ್ಲ.

ನಮ್ಮ ಪಕ್ಕದ ಮನೆಗೆ ಸೊಸೆಯಾಗಿ ಬಂದವರು ತಿಪಟೂರಿನ ಕಡೆಯವರು, ತೆಲುಗು ಇನ್ನೂ ಹಿಡಿತಕ್ಕೆ ಬಂದಿಲ್ಲ. ಗುರುವಾರ ಭಜನೆ ಮುಗಿದು ಪ್ರವಚನ ಶುರುವಾದಾಗ ಅವರು ಅಮ್ಮನ ಪಕ್ಕಕ್ಕೆ ಸರಿದು ಕೂರುತ್ತಾರೆ. ಅಮ್ಮ ಒಂದು ವಾಕ್ಯ ಕೇಳಿ, ಸೆರಗನ್ನು ಬಾಯಿಗೆ ಅಡ್ಡಹಿಡಿದು ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಾರೆ. ಅಷ್ಟರಲ್ಲಿ ಮುಂದಿನ ವಾಕ್ಯ ಹೋಗಿರುತ್ತದೆ. "ಏನಂದ್ರು ಅತ್ತೆ?" ಎಂದು ಅವರು ಮತ್ತೆ ಕೇಳುತ್ತಾರೆ, "ತಡಿಯವ್ವ, ಕೇಳಿಸ್ಕೊಳ್ಳಾಣ" ಎಂದು ಅಮ್ಮ ಸ್ಪೀಕರನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.